ಆಟಿಸಂ: ಸಂಶೋಧನೆಯಿಂದ ತಾಲ್ಲೂಕು ಆಸ್ಪತ್ರೆಯವರೆಗಿನ ದೂರ

ಎರಡೂವರೆ ವರ್ಷದ ಮಗು. ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಬೇಕಾದ ವಸ್ತುವಿನತ್ತ ಬೆರಳು ತೋರುವುದಿಲ್ಲ. ಆಟಿಕೆ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನಷ್ಟೇ ತಿರುಗಿಸುತ್ತಾ ಬಹಳ ಹೊತ್ತು ಕುಳಿತಿರುತ್ತದೆ. 'ಇವನ ಅಪ್ಪನೂ ಮಾತು ಕಲಿತದ್ದು ತಡವಾಗಿಯೇ' ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಅಂಗನವಾಡಿಯಲ್ಲಿ 'ಸ್ವಲ್ಪ ಹಟಮಾರಿ' ಎನ್ನುತ್ತಾರೆ. ಮೊದಲು ಹರಕೆ, ಆಮೇಲೆ ಕಿವಿಯ ಪರೀಕ್ಷೆ, ಅದಾದ ಮೇಲೆ ಟಾನಿಕ್. ಕೊನೆಗೆ ದೂರದ ನಗರದ ದೊಡ್ಡ ಆಸ್ಪತ್ರೆಯಲ್ಲಿ 'ಆಟಿಸಂ' ಎಂಬ ಪದ ಕಿವಿಗೆ ಬೀಳುವಷ್ಟರಲ್ಲಿ ಮಗುವಿಗೆ ಐದು ವರ್ಷ ತುಂಬಿರುತ್ತದೆ.

ರಾಜ್ಯದ ಅನೇಕ ಮನೆಗಳಿಗೆ ಪರಿಚಿತವಾದ ಈ ಕಥೆಯಲ್ಲಿ ಒಂದು ವಿಪರ್ಯಾಸವಿದೆ. ಅನುಭವಿ ತಜ್ಞರು ಎರಡು ವರ್ಷದ ಆಸುಪಾಸಿನಲ್ಲೇ ಆಟಿಸಂ ಗುರುತಿಸಬಲ್ಲರು, ಮೊದಲ ವರ್ಷಗಳ ತರಬೇತಿ ಮಗುವಿನ ಸಂವಹನಕ್ಕೆ ನೆರವಾಗುತ್ತದೆ, ಆ ತರಬೇತಿಯ ದೊಡ್ಡ ಭಾಗವನ್ನು ತಂದೆತಾಯಿಯರೇ ಕಲಿತು ಮಾಡಬಹುದು ಎಂಬ ಸಂಗತಿಗಳು ಸಂಶೋಧನಾ ಪತ್ರಿಕೆಗಳಲ್ಲಿ ಪ್ರಕಟವಾಗಿ ವರ್ಷಗಳೇ ಕಳೆದಿವೆ. ಆದರೂ ಅವು ಆ ಮನೆಯ ಬಾಗಿಲಿಗೆ ಸಕಾಲದಲ್ಲಿ ತಲುಪಿಲ್ಲ. ಏಕೆ?

ಸಂಶೋಧನೆಯೊಂದು ಜನರಿಗೆ ದಕ್ಕಬೇಕಾದರೆ ಅದು ಮೂರು ರೂಪಾಂತರಗಳನ್ನು ಹೊಂದಬೇಕು. ಮೊದಲಿಗೆ ಅದು ಸರ್ಕಾರ ಒಪ್ಪುವ ಒಂದು ಅಳತೆಗೋಲಾಗಬೇಕು. ಬಳಿಕ ಅದನ್ನು ಬಳಸಬಲ್ಲ ಸಿಬ್ಬಂದಿ ಊರಿನ ಸಮೀಪದಲ್ಲೇ ಇರಬೇಕು. ಕೊನೆಯದಾಗಿ ಅವರಿಗೆ ವೇತನ ಕೊಡುವ ಹುದ್ದೆ ಮಂಜೂರಾಗಬೇಕು. ಭಾರತದಲ್ಲಿ ಆಟಿಸಂನ ಇತಿಹಾಸವೆಂದರೆ ಈ ಮೂರು ಮೆಟ್ಟಿಲುಗಳ ನಡುವೆ ಕಳೆದುಹೋದ ವರ್ಷಗಳ ಇತಿಹಾಸ.

ಏನಿದು ಆಟಿಸಂ?

ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂ ಒಂದು ರೋಗವಲ್ಲ. ಮಿದುಳಿನ ಬೆಳವಣಿಗೆಯಲ್ಲಿ ಕಾಣುವ ಭಿನ್ನತೆ. ಇತರರೊಡನೆ ಬೆರೆಯುವ, ಭಾವ ಹಂಚಿಕೊಳ್ಳುವ, ಸಂವಹನ ನಡೆಸುವ ರೀತಿಯಲ್ಲಿ ವ್ಯತ್ಯಾಸವಿರುತ್ತದೆ. ಒಂದೇ ಬಗೆಯ ವರ್ತನೆಯ ಪುನರಾವರ್ತನೆ, ದಿನಚರಿ ಬದಲಾದರೆ ತೀವ್ರ ತಳಮಳ, ಸದ್ದು, ಬೆಳಕು ಅಥವಾ ಸ್ಪರ್ಶಕ್ಕೆ ಅತಿಯಾದ ಇಲ್ಲವೇ ಅತಿ ಕಡಿಮೆ ಪ್ರತಿಕ್ರಿಯೆ ಇದರ ಇತರ ಲಕ್ಷಣಗಳು. ಕೆಲವರು ಜೀವನಪೂರ್ತಿ ಮಾತನಾಡದೇ ಇರಬಹುದು. ಇನ್ನು ಕೆಲವರು ಉನ್ನತ ವ್ಯಾಸಂಗ ಮುಗಿಸಿ ಉದ್ಯೋಗದಲ್ಲಿರಬಹುದು. ಈ ವ್ಯಾಪ್ತಿಯ ಕಾರಣದಿಂದಲೇ ವೈದ್ಯಕೀಯ ಭಾಷೆಯಲ್ಲಿ ಇದನ್ನು 'ಆಟಿಸಂ ಸ್ಪೆಕ್ಟ್ರಮ್' ಎನ್ನುತ್ತಾರೆ.

ರಕ್ತ ಪರೀಕ್ಷೆಯಿಂದಾಗಲೀ ಸ್ಕ್ಯಾನಿಂಗ್‌ನಿಂದಾಗಲೀ ಇದು ಪತ್ತೆಯಾಗುವುದಿಲ್ಲ. ಮಗುವಿನ ವರ್ತನೆಯನ್ನು ಗಮನಿಸಿ, ಹೆತ್ತವರನ್ನು ವಿವರವಾಗಿ ಪ್ರಶ್ನಿಸಿಯೇ ನಿರ್ಣಯಿಸಬೇಕು. ನೀತಿ ನಿರೂಪಣೆಯ ತೊಡಕು ಆರಂಭವಾಗುವುದೇ ಇಲ್ಲಿಂದ.

ತಾಯಿಯ ಮೇಲಿನ ಅಪವಾದ

ಅಮೆರಿಕದಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಆಟಿಸಂ ಕುರಿತ ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ನಂತರದ ಎರಡು ದಶಕಗಳಲ್ಲಿ ಬಲ ಪಡೆದ ವಾದವೊಂದು ಅಸಂಖ್ಯಾತ ಕುಟುಂಬಗಳನ್ನು ಘಾಸಿಗೊಳಿಸಿತು. ತಾಯಿಯ ವಾತ್ಸಲ್ಯದ ಕೊರತೆಯೇ ಆಟಿಸಂಗೆ ಕಾರಣ ಎಂಬುದು ಆ ವಾದ. 'ರೆಫ್ರಿಜರೇಟರ್ ತಾಯಿ' ಎಂಬ ಕ್ರೂರ ವಿಶೇಷಣವೂ ಹುಟ್ಟಿಕೊಂಡಿತು. ಬ್ರೂನೋ ಬೆಟೆಲ್‌ಹೈಮ್ ಅವರಂಥವರು ಇದನ್ನು ಜನಪ್ರಿಯಗೊಳಿಸಿದರು. ಮಗುವನ್ನು ಹೆತ್ತವರಿಂದ ಬೇರ್ಪಡಿಸುವುದೇ ಚಿಕಿತ್ಸೆ ಎಂದು ನಂಬಿದ ಸಂಸ್ಥೆಗಳೂ ಇದ್ದವು.

ಆಟಿಸಂ ಇರುವ ಮಗನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಾದವನ್ನು ಪ್ರಶ್ನಿಸಿದರು. 1977ರಲ್ಲಿ ಬ್ರಿಟನ್ನಿನಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಅನುವಂಶೀಯತೆಯ ಪಾತ್ರವನ್ನು ಈ ಪುಟ್ಟ ಅಧ್ಯಯನ ಎತ್ತಿ ತೋರಿಸಿತು. ನಂತರದ ದೊಡ್ಡ ಅಧ್ಯಯನಗಳು ಅದನ್ನು ಮತ್ತಷ್ಟು ದೃಢಪಡಿಸಿದವು.

ಇದರ ಪರಿಣಾಮ ಪ್ರಯೋಗಾಲಯಕ್ಕೆ ಸೀಮಿತವಾಗಲಿಲ್ಲ. ಆರೋಪಿಯ ಸ್ಥಾನದಲ್ಲಿದ್ದ ತಾಯಿ ಮಗುವಿನ ಮೊದಲ ಶಿಕ್ಷಕಿಯ ಸ್ಥಾನಕ್ಕೆ ಬಂದಳು. ಹೆತ್ತವರ ಸಂಘಟನೆಗಳು ಹುಟ್ಟಿಕೊಂಡವು. ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನಲ್ಲಿ 1990ರಲ್ಲಿ ಆಟಿಸಂ ಪ್ರತ್ಯೇಕ ವರ್ಗವಾಗಿ ಸೇರ್ಪಡೆಯಾಯಿತು. ಮೂಲ ಪ್ರಬಂಧದಿಂದ ಆ ಕಾನೂನಿನವರೆಗಿನ ಅಂತರ 47 ವರ್ಷ.

ತಪ್ಪು ಸಂಶೋಧನೆ ಬೇಗ ಓಡುತ್ತದೆ

ಸರಿಯಾದ ಸಂಶೋಧನೆ ಆಮೆಯಂತೆ ನಡೆದರೆ ತಪ್ಪು ಸಂಶೋಧನೆ ಕುದುರೆಯಂತೆ ಓಡುತ್ತದೆ ಎಂಬುದಕ್ಕೂ ಆಟಿಸಂ ಇತಿಹಾಸವೇ ಸಾಕ್ಷಿ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಹೋದ್ಯೋಗಿಗಳು ಕೇವಲ 12 ಮಕ್ಕಳನ್ನು ಆಧರಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ದಡಾರ, ಮಂಗನಬಾವು ಮತ್ತು ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭೀತಿಗೆ ಅದು ಮೂಲವಾಯಿತು. ಇಂಗ್ಲೆಂಡಿನಲ್ಲಿ ಲಸಿಕೆ ಪಡೆಯುವ ಮಕ್ಕಳ ಪ್ರಮಾಣ ಕೆಲವೇ ವರ್ಷಗಳಲ್ಲಿ ಸುಮಾರು ಶೇ 80ಕ್ಕೆ ಕುಸಿಯಿತು.

ಡೆನ್ಮಾರ್ಕಿನಲ್ಲಿ 5.37 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. 6.57 ಲಕ್ಷ ಮಕ್ಕಳನ್ನು ಒಳಗೊಂಡ 2019ರ ಮತ್ತೊಂದು ಅಧ್ಯಯನದ ಫಲಿತಾಂಶವೂ ಅದೇ. 'ಲ್ಯಾನ್ಸೆಟ್' 2010ರ ಫೆಬ್ರುವರಿಯಲ್ಲಿ ಮೂಲ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ವೇಕ್‌ಫೀಲ್ಡ್ ಹೆಸರನ್ನು ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ತೆಗೆಯಲಾಯಿತು. ಆದರೆ ಭೀತಿ ಹಿಂತೆಗೆದುಕೊಳ್ಳಲು ಬರುವಂಥದ್ದಲ್ಲ. 2013ರಲ್ಲಿ ವೇಲ್ಸ್‌ನ ಸ್ವಾನ್ಸಿ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ದಡಾರ ಪ್ರಕರಣಗಳು ವರದಿಯಾದವು. ಲಸಿಕೆಯ ಭೀತಿಗೆ ಗಡಿಗಳಿಲ್ಲ. 2017ರಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಮೊದಲ ಹಂತದಲ್ಲೇ ಕರ್ನಾಟಕಕ್ಕೆ ಬಂದಾಗ ಲಸಿಕೆಯ ವಿರುದ್ಧದ ವದಂತಿಗಳು ಇಲ್ಲಿನ ಮೊಬೈಲ್‌ಗಳಲ್ಲೂ ಹರಿದಾಡಿದ್ದವು.

ಕಾನೂನು ಬಂತು, ಅಳತೆಗೋಲು ಬರಲಿಲ್ಲ

ಭಾರತದ 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತ್ತು. ಅದರಲ್ಲಿ ಆಟಿಸಂ ಇರಲಿಲ್ಲ. ದೆಹಲಿಯ 'ಆಕ್ಷನ್ ಫಾರ್ ಆಟಿಸಂ' ಮುಂತಾದ, ಹೆತ್ತವರೇ ಕಟ್ಟಿದ ಸಂಸ್ಥೆಗಳು ಸರ್ಕಾರದ ಬಾಗಿಲು ತಟ್ಟಿದವು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಹೆಸರಿನಲ್ಲೇ ಆಟಿಸಂಗೆ ಸ್ಥಾನ ದೊರೆಯಿತು.

ಹೆಸರು ಸೇರಿತು, ಆದರೆ ಪ್ರಮಾಣಪತ್ರ ಹೇಗೆ ಕೊಡುವುದು? ಶ್ರವಣದೋಷವನ್ನು ಡೆಸಿಬಲ್‌ಗಳಲ್ಲಿ ಅಳೆಯಬಹುದು. ಆಟಿಸಂನ ಪ್ರಮಾಣವನ್ನು ಶೇಕಡಾವಾರಿನಲ್ಲಿ ಹೇಳುವ ಅಧಿಕೃತ ಮಾಪನ ಇರಲಿಲ್ಲ. ವಿದೇಶಿ ಮಾಪನಗಳು ದುಬಾರಿ. ಅವುಗಳ ಪ್ರಶ್ನೆಗಳು ಅಲ್ಲಿನ ಸಂಸ್ಕೃತಿಗೆ ತಕ್ಕಂಥವು. ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದನ್ನು ವಿನಯವೆಂದು ಭಾವಿಸುವ ಸಮಾಜದಲ್ಲಿ ಅವನ್ನು ಯಥಾವತ್ತಾಗಿ ಬಳಸುವಂತಿಲ್ಲ.

ಸಿಕಂದರಾಬಾದಿನ ರಾಷ್ಟ್ರೀಯ ಮಾನಸಿಕ ವಿಕಲಚೇತನರ ಸಂಸ್ಥೆಯ ತಜ್ಞರು ಈ ಕೊರತೆ ತುಂಬಲು ಭಾರತೀಯ ಆಟಿಸಂ ಮಾಪನವನ್ನು ರೂಪಿಸಿದರು. 2009ರಲ್ಲಿ ಬಿಡುಗಡೆಯಾದ, 'ಐಸಾ' ಎಂದು ಪರಿಚಿತವಾದ ಈ ಮಾಪನದಲ್ಲಿ ಆರು ವಿಭಾಗಗಳು, 40 ಅಂಶಗಳಿವೆ. ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ ಎಂದು ಪರಿಗಣನೆ. 153ಕ್ಕಿಂತ ಹೆಚ್ಚಾದರೆ ತೀವ್ರ ಆಟಿಸಂ. ಇದನ್ನಾಧರಿಸಿ ಪ್ರಮಾಣಪತ್ರ ನೀಡುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ ಅಧಿಸೂಚಿಸಿದ್ದು 2016ರ ಏಪ್ರಿಲ್‌ನಲ್ಲಿ.

ಅಂದರೆ ಕಾಯ್ದೆ ಮತ್ತು ಪ್ರಮಾಣಪತ್ರದ ಮಾರ್ಗಸೂಚಿಯ ನಡುವೆ 17 ವರ್ಷ ಉರುಳಿತು. 1999ರಲ್ಲಿ ಎರಡು ವರ್ಷದವನಾಗಿದ್ದ ಬಾಲಕ ಆ ಹೊತ್ತಿಗೆ 19ರ ಯುವಕ. ಈ ಅವಧಿಯಲ್ಲಿ ಎಷ್ಟೋ ಹೆತ್ತವರು ಮಗುವಿಗೆ 'ಬುದ್ಧಿಮಾಂದ್ಯತೆ' ಎಂಬ ಪ್ರಮಾಣಪತ್ರವನ್ನೇ ಪಡೆದು ಸೌಲಭ್ಯಗಳಿಗೆ ಅರ್ಜಿ ಹಾಕಬೇಕಾಯಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳನ್ನು ಗುರುತಿಸಿ ಆಟಿಸಂ ಅನ್ನೂ ಸೇರಿಸಿತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಈ ಕಾಯ್ದೆಯಡಿ ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರ ಮೀಸಲು ದೊರೆಯಿತು. ಐಸಾ ಮಾಪನದಲ್ಲಿ 70 ಅಂಕ ಶೇ 40ಕ್ಕೆ ಸಮ. ಹೀಗೆ ಸಂಶೋಧಕರು ರೂಪಿಸಿದ ಪ್ರಶ್ನಾವಳಿಯೊಂದು ಮಗುವಿನ ಹಕ್ಕಿನ ಬಾಗಿಲ ಕೀಲಿಯಾಯಿತು. 69 ಮತ್ತು 70ರ ನಡುವಿನ ಒಂದು ಅಂಕಕ್ಕೆ ಇಷ್ಟು ತೂಕವಿರುವಾಗ ಅದನ್ನು ಕೊಡುವವರ ತರಬೇತಿಯೂ ಅಷ್ಟೇ ಮುಖ್ಯವಾಗುತ್ತದೆ.

ಎಣಿಕೆಗೆ ಸಿಗದ ಮಕ್ಕಳು

ಆಯವ್ಯಯದಲ್ಲಿ ಹಣ ಮೀಸಲಿಡಲು ಸಂಖ್ಯೆ ಬೇಕು. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರನ್ನು ಎಣಿಸಿತು. ಆದರೆ ಗಣತಿಯ ಎಂಟು ವರ್ಗಗಳಲ್ಲಿ ಆಟಿಸಂಗೆ ಪ್ರತ್ಯೇಕ ಕಲಂ ಇರಲಿಲ್ಲ.

ಆ ಖಾಲಿ ಜಾಗವನ್ನು ತುಂಬಲು ಯತ್ನಿಸಿದ್ದು 'ಇಂಕ್ಲೆನ್' ಜಾಲದ ಸಂಶೋಧಕರು. ಪಲ್ವಲ್, ಕಾಂಗ್ರಾ, ಢೆಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ 2ರಿಂದ 9 ವರ್ಷದ ಸುಮಾರು 4 ಸಾವಿರ ಮಕ್ಕಳನ್ನು ಅವರು ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೂರು ಮಕ್ಕಳಿಗೆ ಸುಮಾರು ಒಬ್ಬರಲ್ಲಿ ಆಟಿಸಂ ಕಂಡುಬಂದಿತ್ತು. ಗುಡ್ಡಗಾಡು, ಬಯಲು, ಬುಡಕಟ್ಟು ಪ್ರದೇಶ, ನಗರ ಎಲ್ಲೆಡೆಯೂ ಇಂಥ ಮಕ್ಕಳಿದ್ದಾರೆ ಎಂಬುದು ಇದರಿಂದ ಸ್ಪಷ್ಟವಾಯಿತು. 'ಇದು ಪಟ್ಟಣದ ಶ್ರೀಮಂತರ ಮನೆಯ ಸಮಸ್ಯೆ' ಎಂಬ ಗ್ರಹಿಕೆಗೆ ಆಧಾರವಿಲ್ಲ. ಪಟ್ಟಣದಲ್ಲಿ ಹೆಚ್ಚು ಇರುವುದು ಗುರುತಿಸುವ ವೈದ್ಯರು.

ತಜ್ಞರಿಲ್ಲದ ಕಡೆ ಯಾರು?

ನೂರಕ್ಕೆ ಒಬ್ಬರೆಂದರೆ ಅಷ್ಟು ಮಕ್ಕಳಿಗೆ ಬೇಕಾದ ಮನಶ್ಶಾಸ್ತ್ರಜ್ಞರು, ವಾಕ್ ಚಿಕಿತ್ಸಕರು ದೇಶದಲ್ಲಿಲ್ಲ. ಹಾಗಾದರೆ ಮಾರ್ಗವೇನು?

ಬ್ರಿಟನ್ನಿನಲ್ಲಿ ಆಟಿಸಂ ಇರುವ 152 ಪುಟ್ಟ ಮಕ್ಕಳ ಮೇಲೆ ನಡೆದ 'ಪ್ಯಾಕ್ಟ್' ಪ್ರಯೋಗದ ವರದಿ 2010ರಲ್ಲಿ ಪ್ರಕಟವಾಯಿತು. ಹೆತ್ತವರು ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಅವರೊಂದಿಗೇ ಕುಳಿತು ನೋಡಿ, ಮಗುವಿನ ಸೂಕ್ಷ್ಮ ಸಂಕೇತಗಳಿಗೆ ಹೇಗೆ ಸ್ಪಂದಿಸಬೇಕೆಂದು ಕಲಿಸುವ ಪದ್ಧತಿ ಇದು. ಆರಂಭದಲ್ಲಿ ಆಟಿಸಂ ಲಕ್ಷಣಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಸುಮಾರು ಆರು ವರ್ಷಗಳ ನಂತರ ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಿದಾಗ, ತರಬೇತಿ ಪಡೆದ ಗುಂಪಿನಲ್ಲಿ ಲಕ್ಷಣಗಳ ತೀವ್ರತೆ ತುಲನಾತ್ಮಕವಾಗಿ ಕಡಿಮೆಯಿತ್ತು. ಒಂದೆರಡು ವರ್ಷಗಳಲ್ಲೇ ಫಲಿತಾಂಶ ಕೇಳುವ ಆಡಳಿತಗಾರರಿಗೆ ಇದರಲ್ಲೊಂದು ಪಾಠವಿದೆ.

ಲಂಡನ್, ಮ್ಯಾಂಚೆಸ್ಟರ್‌ಗಳಲ್ಲಿ ತಜ್ಞ ಚಿಕಿತ್ಸಕರು ಮಾಡಿದ ಈ ಕೆಲಸವನ್ನು ದಕ್ಷಿಣ ಏಷ್ಯಾದಲ್ಲಿ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮಾಡಬಲ್ಲರೇ? ಗೋವಾದ 'ಸಂಗಾತ್' ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ಸಂಶೋಧಕರು ಬ್ರಿಟನ್ನಿನ ತಂಡದೊಂದಿಗೆ ಸೇರಿ ಪದ್ಧತಿಯನ್ನು ಇಲ್ಲಿನ ಮನೆಗಳಿಗೆ ಹೊಂದಿಸಿದರು. ತಜ್ಞರಲ್ಲದ ಕಾರ್ಯಕರ್ತರಿಗೆ ತರಬೇತಿ ನೀಡಿ 65 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಆಶಾದಾಯಕವಾಗಿತ್ತು. ಹೆತ್ತವರ ಸ್ಪಂದನ ಸುಧಾರಿಸಿತು. ಮಕ್ಕಳು ತಾವಾಗಿಯೇ ಸಂವಹನ ಆರಂಭಿಸುವುದು ಹೆಚ್ಚಿತು. ಎಲ್ಲ ಅಂಶಗಳಲ್ಲೂ ಸುಧಾರಣೆ ಕಾಣಲಿಲ್ಲವೆಂಬುದೂ ನಿಜ. ಆದರೆ ಸೂಕ್ತ ತರಬೇತಿ ಮತ್ತು ಮೇಲ್ವಿಚಾರಣೆ ಇದ್ದರೆ ಸಾಮಾನ್ಯ ಕಾರ್ಯಕರ್ತರೂ ಈ ಕೆಲಸ ಮಾಡಬಲ್ಲರು ಎಂಬುದಕ್ಕೆ ಪುರಾವೆ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಹೆತ್ತವರ ಕೌಶಲ ತರಬೇತಿಯ ಕೈಪಿಡಿಗಳನ್ನು 2022ರಲ್ಲಿ ಬಿಡುಗಡೆ ಮಾಡಿತು.

ಕರ್ನಾಟಕದ ಬಲ, ಕರ್ನಾಟಕದ ಕೊರತೆ

ಪರಿಣತಿಯ ವಿಷಯದಲ್ಲಿ ಕರ್ನಾಟಕ ಬಡ ರಾಜ್ಯವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ವಾಕ್ ಚಿಕಿತ್ಸಕರನ್ನು ತಯಾರು ಮಾಡುತ್ತಿದೆ. ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತ ಅವರು ಬೆಂಗಳೂರಿನಲ್ಲಿ ರೂಪಿಸಿದ 'ಕಮ್ಯುನಿಕೇಷನ್ ಡೀಲ್' ಕಾರ್ಯಕ್ರಮ, ಶಾಲೆ ಸೇರುವ ಮುನ್ನವೇ ಮಕ್ಕಳಿಗೆ ತೀವ್ರ ತರಬೇತಿ ನೀಡುವ ಭಾರತೀಯ ಮಾದರಿಯಾಗಿ ಹೆಸರಾಗಿದೆ.

ಆದರೆ ಈ ಪರಿಣತಿ ಎರಡು ನಗರಗಳಲ್ಲಿ ಕೇಂದ್ರೀಕೃತವಾಗಿದೆ. ಬೀದರ್ ಅಥವಾ ರಾಯಚೂರಿನ ಕೂಲಿಕಾರ ಕುಟುಂಬ ವಾರಕ್ಕೊಮ್ಮೆ ಬೆಂಗಳೂರಿಗೆ ಬರಲಾರದು. ಈ ಅಂತರ ತುಂಬಬೇಕಾದ ವ್ಯವಸ್ಥೆ ಕಾಗದದ ಮೇಲಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಮ್ಮೆ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡಬೇಕು. ತಪಾಸಣೆಯ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಅನುಮಾನ ಬಂದ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಅಲ್ಲಿ ಮನಶ್ಶಾಸ್ತ್ರಜ್ಞ, ವಾಕ್ ಚಿಕಿತ್ಸಕ, ವಿಶೇಷ ಶಿಕ್ಷಕ ಇರಬೇಕು. ಸರಪಳಿಯ ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಸಾಕು, ಮಗು ಮನೆಗೇ ಮರಳುತ್ತದೆ. ಗಡಿಬಿಡಿಯ ಭೇಟಿಯಲ್ಲಿ ಸೀಳುತುಟಿ, ದೃಷ್ಟಿದೋಷ ಕಣ್ಣಿಗೆ ಬೀಳುತ್ತವೆ. ಮೂಲೆಯಲ್ಲಿ ತನ್ನಷ್ಟಕ್ಕೆ ತಾನು ಕುಳಿತ ಮಗು 'ಶಾಂತ ಸ್ವಭಾವದ್ದು' ಎನಿಸಿಕೊಳ್ಳುತ್ತದೆ.

ಭಾಷೆಯ ಪ್ರಶ್ನೆಯೂ ಇದೆ. ಮನೆಯಲ್ಲಿ ತುಳು, ಉರ್ದು ಅಥವಾ ಕೊಂಕಣಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವಾಗ, ಆಟಿಸಂ ಇರುವ ಮಗುವಿಗೆ ಒಂದೇ ಭಾಷೆ ಸಾಕು, ಅದೂ ಇಂಗ್ಲಿಷ್ ಆಗಿರಲಿ ಎಂಬ ಸಲಹೆ ಕೇಳಿಬರುವುದುಂಟು. ಕೆನಡಾ ಸೇರಿದಂತೆ ಹಲವೆಡೆ ನಡೆದ ಅಧ್ಯಯನಗಳು, ಎರಡು ಭಾಷೆಗಳ ನಡುವೆ ಬೆಳೆಯುವ ಆಟಿಸಂ ಮಕ್ಕಳು ಆ ಕಾರಣದಿಂದ ಮಾತಿನಲ್ಲಿ ಹೆಚ್ಚು ಹಿಂದುಳಿಯುವುದಿಲ್ಲ ಎಂದು ತೋರಿಸಿವೆ. ಅಜ್ಜಿಯೊಡನೆ ಆಡುವ ಮಾತನ್ನೇ ಕಿತ್ತುಕೊಂಡರೆ ಮಗು ತನ್ನ ಅತಿ ಹತ್ತಿರದ ಒಡನಾಡಿಯನ್ನು ಕಳೆದುಕೊಳ್ಳುತ್ತದೆ. ಈ ತಿಳಿವಳಿಕೆ ಹರಡಲು ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಶಾಲೆಯ ಬಾಗಿಲಲ್ಲಿ

ಶಾಲೆಗೆ ಸೇರಿಸುವುದು ಹಕ್ಕು. ಸೇರಿದ ಮೇಲೆ ಕಲಿಸುವವರು ಯಾರು ಎಂಬುದು ಪ್ರಶ್ನೆ. ವಿಶೇಷ ಶಿಕ್ಷಕರ ಕೊರತೆ ಕುರಿತು 2021ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ವಿದ್ಯಾರ್ಥಿ–ಶಿಕ್ಷಕರ ಅನುಪಾತ ನಿಗದಿಗೆ ಸೂಚಿಸಿತು. ಅದರಂತೆ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ಎಂದು 2022ರಲ್ಲಿ ಅಧಿಸೂಚನೆ ಹೊರಬಿತ್ತು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಮತ್ತೆ ಮಧ್ಯಪ್ರವೇಶಿಸಿ, ಹುದ್ದೆಗಳ ಸಂಖ್ಯೆಯನ್ನು ಅಧಿಸೂಚಿಸುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಬೇಕಾಯಿತು. ಸಂಶೋಧನೆ, ಕಾಯ್ದೆ, ತೀರ್ಪು, ಅನುಪಾತ ಎಲ್ಲವೂ ಆದ ಮೇಲೂ ಕಥೆ ಬಂದು ನಿಲ್ಲುವುದು ಹುದ್ದೆಯ ಮಂಜೂರಾತಿಯಲ್ಲೇ.

ವ್ಯವಸ್ಥೆ ಬಿಟ್ಟ ಖಾಲಿ ಜಾಗದಲ್ಲಿ ವ್ಯಾಪಾರ ಬೆಳೆಯುತ್ತದೆ. ಆಟಿಸಂ 'ಗುಣಪಡಿಸುವ' ಕಾಂಡಕೋಶ ಚಿಕಿತ್ಸೆಯ ಜಾಹೀರಾತುಗಳನ್ನು ನಂಬಿ ಹೆತ್ತವರು ಲಕ್ಷಾಂತರ ರೂಪಾಯಿ ಸುರಿದಿದ್ದಾರೆ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಇಂಥ ಪ್ರಯತ್ನಗಳಿಗೆ ಅವಕಾಶವಿರುವುದು ಅನುಮೋದಿತ ಪ್ರಯೋಗಗಳಲ್ಲಿ ಮಾತ್ರ. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತಾ ಮಂಡಳಿ 2022ರಲ್ಲಿ ಸ್ಪಷ್ಟಪಡಿಸಿತ್ತು. ಆಟಿಸಂ ಅನ್ನೇ ಗುಣಪಡಿಸುವ ಔಷಧವಿಲ್ಲ. ಜೊತೆಗಿರಬಹುದಾದ ಮೂರ್ಛೆ, ನಿದ್ರಾಹೀನತೆಯಂಥ ತೊಂದರೆಗಳಿಗೆ ಚಿಕಿತ್ಸೆಯಿದೆ.

ಹದಿನೆಂಟರ ನಂತರ

ಆಟಿಸಂ ಎಂದೊಡನೆ ಮಗುವಿನ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಸಂಶೋಧನೆಯ ಬಹುಪಾಲೂ ಮಕ್ಕಳನ್ನು ಕುರಿತದ್ದೇ. ಆದರೆ ಆ ಮಕ್ಕಳು ವಯಸ್ಕರಾಗುತ್ತಾರೆ. ಸರ್ಕಾರಿ ಉದ್ಯೋಗದ ಶೇ 4ರ ಮೀಸಲಾತಿಯಲ್ಲಿ ಶೇ 1ರಷ್ಟು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಎಲ್ಲಕ್ಕೂ ಸೇರಿ ಇದೆ. 18 ತುಂಬಿದ ಬಳಿಕ ಅಗತ್ಯವಿದ್ದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಗಿದೆ. ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಚಿಕಿತ್ಸಾ ತರಬೇತಿಗಳ ವೆಚ್ಚವೂ ಅದರಲ್ಲಿ ಸೇರುತ್ತದೆ. ಇವನ್ನು ಬಲ್ಲ ಕುಟುಂಬಗಳಿಗಿಂತ ಅರಿಯದ ಕುಟುಂಬಗಳೇ ಹೆಚ್ಚು. 'ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರಾರು' ಎಂಬ ಹೆತ್ತವರ ಪ್ರಶ್ನೆಗೆ ವಸತಿ ಮತ್ತು ಉದ್ಯೋಗದ ರೂಪದಲ್ಲಿ ಇನ್ನೂ ಸಮರ್ಪಕ ಉತ್ತರ ದೊರೆತಿಲ್ಲ.

ದೂರ ಕಡಿಮೆಯಾಗುವುದು ಹೇಗೆ?

ಇಲ್ಲಿಯವರೆಗಿನ ಇತಿಹಾಸವೇ ದಾರಿಯನ್ನು ಸೂಚಿಸುತ್ತದೆ. ಅಂಗನವಾಡಿ ಕಾರ್ಯಕರ್ತೆ ಕನ್ನಡದಲ್ಲಿ ಕೇಳಬಹುದಾದ ಹತ್ತಿಪ್ಪತ್ತು ಸರಳ ಪ್ರಶ್ನೆಗಳು ಬೇಕು. ಅನುಮಾನ ಬಂದ ಮಗು ಜಿಲ್ಲಾ ಕೇಂದ್ರ ತಲುಪಿತೇ ಎಂದು ಹಿಂಬಾಲಿಸುವ ವ್ಯವಸ್ಥೆ ಬೇಕು. ಗೋವಾದ ಪ್ರಯೋಗ ತೋರಿಸಿದಂತೆ ಹೆತ್ತವರಿಗೆ ಕಲಿಸಬಲ್ಲ ತರಬೇತಾದ ಕಾರ್ಯಕರ್ತರು ತಾಲ್ಲೂಕು ಮಟ್ಟದಲ್ಲಿ ಬೇಕು. ಅವರ ಬೆನ್ನಿಗೆ ಮೈಸೂರು, ಬೆಂಗಳೂರಿನ ತಜ್ಞರ ಮೇಲ್ವಿಚಾರಣೆ ಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರದ ಅಗತ್ಯವಿಲ್ಲ.

ಅಲ್ಲಿಯವರೆಗೆ ಹೆತ್ತವರು ಮಾಡಬಹುದಾದ ಕೆಲಸವೊಂದಿದೆ. ಒಂದು ವರ್ಷದ ಮಗು ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿದ್ದರೆ, ಕಲಿತ ಮಾತನ್ನು ಮರೆತರೆ ಕಾಯಬಾರದು. ಶ್ರವಣ ಪರೀಕ್ಷೆಯ ಜೊತೆಗೆ ಬೆಳವಣಿಗೆಯ ತಪಾಸಣೆಯನ್ನೂ ಕೇಳಿ ಪಡೆಯಬೇಕು. ಕೊನೆಗೆ ಆಟಿಸಂ ಇಲ್ಲವೆಂದಾದರೆ ನಷ್ಟವೇನೂ ಇಲ್ಲ.

ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ವರ್ಷಗಳು ಹಿಡಿಯಬಹುದು. ಎರಡೂವರೆ ವರ್ಷದ ಮಗುವಿಗೆ ಮಾತ್ರ ಮುಂದಿನ ವರ್ಷ ಮೂರೂವರೆ ತುಂಬಿರುತ್ತದೆ.